ಮಾವಿನ ದುಡ್ಡು, ಐಷಾರಾಮಿ ಕಾರು

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ ಒಂದು ಮನೆ ಇದೆ ಎಂದಿಟ್ಟುಕೊಳ್ಳಿ. ಊರಾಚೆ ಅವರದೊಂದು ಮಾವಿನ ತೋಪು. ಈ ಸಲ ಬಾದಾಮಿ, ತೋತಾಪುರಿ ಎರಡೂ ಚೆನ್ನಾಗಿ ಬಿಟ್ಟಿವೆ. ಶ್ರೀನಿವಾಸಪುರದ ಮಂಡಿಯಲ್ಲಿ ದರವೂ ಕೈಕೊಟ್ಟಿಲ್ಲ. ಹಿಂದಿನ ಉಳಿತಾಯವೂ ಸೇರಿ ಯಜಮಾನರ ಕೈಯಲ್ಲಿ 14 ಲಕ್ಷ ರೂಪಾಯಿ ಕೂಡಿದೆ. ಮಗಳು ಸಿಇಟಿ ಬರೆದು ಎಂಜಿನಿಯರಿಂಗ್ ಸೀಟಿಗಾಗಿ ಕಾಯುತ್ತಿದ್ದಾಳೆ. ಮಗ ಮೊದಲ ವರ್ಷದ ಪಿಯುಸಿ. ಅಜ್ಜಿಗೆ ಮೊಣಕಾಲು ನೋವು. ತಿಂಗಳಿಗೊಮ್ಮೆ ಕೋಲಾರದ ಡಾಕ್ಟರ ಬಳಿ ಹೋಗಿ ಬರಲೇಬೇಕು.

ಒಂದು ಸಂಜೆ ಮಗ ಮೊಬೈಲನ್ನು ಅಪ್ಪನ ಮುಂದೆ ಹಿಡಿಯುತ್ತಾನೆ. ಬೆಂಗಳೂರಿನಲ್ಲಿ ಏಳು ವರ್ಷ ಹಳೆಯ ಜರ್ಮನ್ ಕಾರೊಂದು ಮಾರಾಟಕ್ಕಿದೆ. ಹೊಸದಾಗಿದ್ದಾಗ 60 ಲಕ್ಷ, ಈಗ ಬರೀ 14 ಲಕ್ಷ. ಬಣ್ಣ ಮಾಸಿಲ್ಲ, ಸೀಟು ಹರಿದಿಲ್ಲ.

‘ಅಪ್ಪಾ, ಇದೇ ದುಡ್ಡಿಗೆ ಹೊಸ ಸಾಧಾರಣ ಕಾರು ಬರುತ್ತೆ. ಇದು ನೋಡು, ಮಂತ್ರಿಗಳು ಓಡಾಡೋ ಕಾರು! ಅಕ್ಕನ ಫೀಸಿಗೆ ಬ್ಯಾಂಕಿನವರು ಹೇಗೂ ಸಾಲ ಕೊಡ್ತಾರೆ.’

ಅಪ್ಪ ಬಹಳ ಹೊತ್ತು ಚಿತ್ರ ನೋಡುತ್ತಾರೆ. ಆಸೆ ಅವರಿಗೂ ಇಲ್ಲದಿಲ್ಲ. ಕೊನೆಗೆ ಒಂದೇ ಮಾತು ಕೇಳುತ್ತಾರೆ: ‘ಇದು ಕೆಟ್ಟು ನಿಂತರೆ ಯಲ್ದೂರಲ್ಲಿ ಯಾರು ರಿಪೇರಿ ಮಾಡ್ತಾರೋ?’

ಐಷಾರಾಮಿ ಕಾರುಗಳನ್ನು ತೂಗಿ ನೋಡುವ ವಿದ್ಯೆಯೆಲ್ಲ ಈ ಪ್ರಶ್ನೆಯಿಂದಲೇ ಶುರುವಾಗುತ್ತದೆ ಎನ್ನಬಹುದು. ಕಾರು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಸಾಲದು. ಯಾವ ರಸ್ತೆಗೆ, ಯಾರು ಕೂರುವುದಕ್ಕೆ, ವರ್ಷಕ್ಕೆ ಎಷ್ಟು ದೂರಕ್ಕೆ ಎಂದು ಕೇಳಬೇಕು. ಸುಖ, ನಂಬಿಕೆ, ಬೆಲೆಗೆ ತಕ್ಕ ಫಲ – ಈ ಮೂರನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಸುಖ ಎಂದರೇನು?

ಕಾರಿನ ಸುಖ ಬರೀ ಮೆತ್ತನೆಯ ಸೀಟಿನಲ್ಲಿಲ್ಲ. ನಡೆಯುವಾಗ ನಮ್ಮ ದೇಹ ಸೆಕೆಂಡಿಗೆ ಒಂದೆರಡು ಬಾರಿ ಮೇಲೆ ಕೆಳಗೆ ಆಡುತ್ತದೆ. ಆ ತೂಗಾಟ ಹುಟ್ಟಿದಾಗಿನಿಂದ ಅಭ್ಯಾಸವಾದದ್ದು, ಬಾಧಿಸುವುದಿಲ್ಲ. ಆದ್ದರಿಂದಲೇ ಕಾರಿನ ಸ್ಪ್ರಿಂಗುಗಳನ್ನು ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಬಾರಿ ತೂಗುವಂತೆ ರೂಪಿಸುತ್ತಾರೆ. ಕಂಪನ ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿಯಾದರೆ ಕುಳಿತವರ ದೇಹಕ್ಕೆ ಹೆಚ್ಚು ತ್ರಾಸ. ಇಂಥ ಕಂಪನವನ್ನು ಸೀಟಿನವರೆಗೆ ಬಿಡದಿರುವುದೇ ದೊಡ್ಡ ಕಾರುಗಳ ಜಾಣ್ಮೆ.

ಎರಡನೆಯದು ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ. ಇದು ಹೆಚ್ಚಿದಷ್ಟೂ ಕಾರು ತೊಟ್ಟಿಲಿನಂತೆ ಹಿಂದು ಮುಂದಾಗಿ ತೊನೆಯುವುದು ಕಡಿಮೆ. ಹಿಂದೆ ಕುಳಿತವರಿಗೆ ಕಾಲು ಚಾಚಲು ಜಾಗವೂ ಹೆಚ್ಚು. 2024ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ನಾಲ್ಕು ಕಾರುಗಳನ್ನು ನೋಡಿ. ಟೊಯೊಟಾ ಕ್ಯಾಮ್ರಿಯಲ್ಲಿ ಈ ಅಂತರ 2,825 ಮಿ.ಮೀ.; ಬಿಡುಗಡೆಯ ದಿನದ ಷೋರೂಂ ಬೆಲೆ 48 ಲಕ್ಷ. ಸ್ಕೋಡಾ ಸೂಪರ್ಬ್ ಹೆಚ್ಚುಕಡಿಮೆ ಅಷ್ಟೇ ಉದ್ದ, ಬೆಲೆ 54 ಲಕ್ಷ. ಬಿಎಂಡಬ್ಲ್ಯು 5 ಸರಣಿಯ ಉದ್ದನೆಯ ಕಾರಿನಲ್ಲಿ 3,105 ಮಿ.ಮೀ., ಬೆಲೆ 72.9 ಲಕ್ಷ. ಮರ್ಸಿಡಿಸ್ ಬೆಂಜ್ ಇ-ಕ್ಲಾಸ್‌ನಲ್ಲಿ 3,094 ಮಿ.ಮೀ., ಬೆಲೆ 78.5 ಲಕ್ಷ.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಕ್ಯಾಮ್ರಿಗಿಂತ ಬಿಎಂಡಬ್ಲ್ಯು 28 ಸೆಂಟಿಮೀಟರ್ ಉದ್ದ, ಬೆಲೆ 24.9 ಲಕ್ಷ ಹೆಚ್ಚು. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 89 ಸಾವಿರ ರೂಪಾಯಿ! ಕೊಡುವ ಹಣವೆಲ್ಲ ಉದ್ದಕ್ಕೇ ಅಲ್ಲ ಎಂಬುದು ನಿಜ. ಎಂಜಿನ್, ನಿಶ್ಶಬ್ದ, ಹೆಸರು ಎಲ್ಲಕ್ಕೂ ಬೆಲೆಯಿದೆ. ಆದರೂ ಇಂಥ ಲೆಕ್ಕ ಮಾಡಿದಾಗ ಯಾವುದಕ್ಕೆ ಎಷ್ಟು ತೆರುತ್ತಿದ್ದೇವೆ ಎಂಬ ಅರಿವು ಮೂಡುತ್ತದೆ.

ಇನ್ನು ರಸ್ತೆಯ ವಿಷಯ. ಕೋಲಾರದಿಂದ ಬೆಂಗಳೂರಿಗೆ ಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉದ್ದನೆಯ ಕಾರು ಸ್ವರ್ಗಸುಖ. ಅದೇ ಕಾರು ಹಳ್ಳಿಯ ರಸ್ತೆಗೆ ಇಳಿದಾಗ ರೇಖಾಗಣಿತ ಎದುರಾಗುತ್ತದೆ. ನೆಲದಿಂದ ಕಾರಿನ ತಳಕ್ಕೆ ಇರುವ ಎತ್ತರ ಒಂದೇ ಆಗಿದ್ದರೆ, ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ಹಂಪಿನ ನೆತ್ತಿ ಹೊಟ್ಟೆಗೆ ತಾಗುವ ಸಂಭವ ಹೆಚ್ಚು. ಊರವರೇ ಮಣ್ಣು ಕಲ್ಲು ಪೇರಿಸಿ ಮಾಡಿದ ಹಂಪುಗಳಿಗೆ ಜರ್ಮನಿಯ ಎಂಜಿನಿಯರು ಕಾರು ರೂಪಿಸಿರುವುದಿಲ್ಲವಲ್ಲ!

ನಂಬಿಕೆಯ ಪರೀಕ್ಷೆ

ಕಾರು ನಂಬಿಕಸ್ಥವೇ ಎಂಬುದಕ್ಕೆ ಎರಡು ಮುಖಗಳಿವೆ. ಎಷ್ಟು ದಿನಕ್ಕೊಮ್ಮೆ ಕೆಡುತ್ತದೆ ಎಂಬುದು ಒಂದು. ಕೆಟ್ಟಾಗ ಎಷ್ಟು ಬೇಗ, ಎಷ್ಟು ಖರ್ಚಿನಲ್ಲಿ ಸರಿಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಕಾರ್ಖಾನೆಯ ಕೈಯಲ್ಲಿದೆ. ಎರಡನೆಯದು ನೀವಿರುವ ಊರಿನ ಮೇಲೆ ನಿಂತಿದೆ.

1989ರಲ್ಲಿ ಜಪಾನಿನ ಟೊಯೊಟಾ ಸಂಸ್ಥೆ ಅಮೆರಿಕದಲ್ಲಿ ಲೆಕ್ಸಸ್ ಎಲ್‌ಎಸ್ 400 ಎಂಬ ಕಾರನ್ನು ಬಿಡುಗಡೆ ಮಾಡಿತು. ಜರ್ಮನಿಯ ಐಷಾರಾಮಿ ಕಾರುಗಳಿಗೆ ಸಡ್ಡು ಹೊಡೆಯುವುದು ಅದರ ಉದ್ದೇಶ. ಕೆಲವೇ ತಿಂಗಳಲ್ಲಿ ಬ್ರೇಕ್ ದೀಪ ಮತ್ತು ವೇಗ ನಿಯಂತ್ರಣದ ಭಾಗಗಳಲ್ಲಿ ಸಣ್ಣ ದೋಷ ಕಂಡಿತು. ಸಂಸ್ಥೆ ಮಾರಿದ್ದ ಸುಮಾರು 8,000 ಕಾರುಗಳನ್ನೂ ವಾಪಸು ತರಿಸಿಕೊಂಡು, ಸರಿಪಡಿಸಿ, ತೊಳೆದು ಕೊಟ್ಟಿತು. ದೋಷದಿಂದ ಕೆಡಬೇಕಾದ ಹೆಸರು ರಿಪೇರಿಯಿಂದ ಬೆಳೆಯಿತು.

ನಮ್ಮ ದೇಶದ ಎರಡು ಉದಾಹರಣೆಗಳೂ ಪಾಠದಂತಿವೆ. 1985ರಲ್ಲಿ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ 2000 ಕಾರಿಗೆ ಬ್ರಿಟನ್ನಿನ ರೋವರ್ ಕಾರಿನ ಸುಂದರ ಮೈಕಟ್ಟಿತ್ತು. ಒಳಗೆ ಮಾತ್ರ ಹಳೆಯ ಕಾಲದ ಎಂಜಿನ್. ಬೆಲೆ ಜಾಸ್ತಿ, ಪೆಟ್ರೋಲ್ ದಾಹವೂ ಜಾಸ್ತಿ. ಕೆಲವೇ ವರ್ಷಗಳಲ್ಲಿ ಅದರ ಕತೆ ಮುಗಿಯಿತು. 1990ರ ದಶಕದಲ್ಲಿ ಕರ್ನಾಟಕದ ಸಿಪಾನಿ ಆಟೊಮೊಬೈಲ್ಸ್ ಸಂಸ್ಥೆ ರೋವರ್ ಮಾಂಟೆಗೊ ಕಾರಿನ ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಿತು. ಅದೂ ಬಹಳ ಕಾಲ ನಡೆಯಲಿಲ್ಲ. ತಯಾರಿಕೆ ನಿಂತುಹೋದ ಕಾರಿನ ಮಾಲೀಕ ಒಂದು ಸಣ್ಣ ಭಾಗಕ್ಕೂ ಊರೂರು ಅಲೆಯಬೇಕಾಗುತ್ತದೆ. ಕಾರು ಕೊಳ್ಳುವವರು ಅದರ ಹಿಂದಿರುವ ಷೆಡ್ಡುಗಳನ್ನೂ ಬಿಡಿಭಾಗದ ಅಂಗಡಿಗಳನ್ನೂ ಸೇರಿಸಿಯೇ ಕೊಳ್ಳುತ್ತಾರೆ ಎಂಬುದು ಇದರರ್ಥ.

ಕರ್ನಾಟಕದಲ್ಲಿ ಕಾರು ತಯಾರಾಗಬೇಕೆಂಬ ಕನಸು ಕೋಲಾರ ಸೀಮೆಯವರದೇ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ 2007ರವರೆಗೂ ಕೋಲಾರ ಜಿಲ್ಲೆಗೇ ಸೇರಿತ್ತು. ಅವರು 1930ರ ದಶಕದಲ್ಲಿ ವಿದೇಶಗಳ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಒಂದು ಯೋಜನೆ ಸಿದ್ಧಪಡಿಸಿದ್ದರು. ಮೈಸೂರು ಸಂಸ್ಥಾನದಲ್ಲಿ ಅದು ಕೈಗೂಡಲಿಲ್ಲ. 1997ರಲ್ಲಿ ಸ್ಥಾಪನೆಯಾದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕ್ಯಾಮ್ರಿ ಹೈಬ್ರಿಡ್ 2013ರಿಂದ ಅಲ್ಲಿ ಜೋಡಣೆಯಾಗತೊಡಗಿತು. ಬ್ರೇಕ್ ಹಾಕಿದಾಗ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯ ಒಂದಂಶವನ್ನು ಇದು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ನಿಂತು ನಿಂತು ಸಾಗುವ ಪೇಟೆಯ ಸಂಚಾರದಲ್ಲಿ ಇದರ ಲಾಭ ಹೆಚ್ಚು.

ಬೆಲೆ ಬೇರೆ, ಫಲ ಬೇರೆ

ಷೋರೂಮಿನ ಬೆಲೆ ಲೆಕ್ಕದ ಮೊದಲ ಸಾಲು ಮಾತ್ರ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅದರ ಮೇಲೆ ಉಪಕರ. 54 ಲಕ್ಷದ ಕಾರಿಗೆ ಉಪಕರ ಬಿಟ್ಟೇ ಸುಮಾರು 9.72 ಲಕ್ಷ ತೆರಿಗೆಯಾಯಿತು.

ಆಮೇಲಿನದು ಸವಕಳಿ. ವಿಮೆಯವರು ಕಾರಿನ ಮೌಲ್ಯ ಕಟ್ಟುವಾಗ ಒಂದು ಪಟ್ಟಿ ಅನುಸರಿಸುತ್ತಾರೆ. ವರ್ಷ ತುಂಬುವ ಹೊತ್ತಿಗೆ ಶೇ 15, ಎರಡನೇ ವರ್ಷ ಶೇ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಕಳೆಯುತ್ತಾರೆ. ಈ ಪಟ್ಟಿಯ ಪ್ರಕಾರ 78.5 ಲಕ್ಷದ ಕಾರು ಐದು ವರ್ಷದಲ್ಲಿ 39.25 ಲಕ್ಷಕ್ಕೆ ಇಳಿಯುತ್ತದೆ. 60 ಲಕ್ಷದ್ದು ಏಳು ವರ್ಷದ ಬಳಿಕ 14 ಲಕ್ಷಕ್ಕೆ ಸಿಗುವುದರಲ್ಲಿ ಮೋಸವೇನೂ ಇರಬೇಕಾಗಿಲ್ಲ. ಆದರೆ ಹಳೆಯ ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಕೊಂಡಾಗ ಅದು 14 ಲಕ್ಷದ ಕಾರು. ಷೆಡ್ಡಿಗೆ ಹೋದಾಗ ಅದೇ 60 ಲಕ್ಷದ ಕಾರು!

ಯಲ್ದೂರಿನ ಹುಡುಗ ಈಗ ನೋಟ್‌ಪುಸ್ತಕ ತೆಗೆಯುತ್ತಾನೆ. ಮಂಡಿ, ಆಸ್ಪತ್ರೆ, ಬೆಂಗಳೂರು, ವರ್ಷಕ್ಕೊಮ್ಮೆ ತಿರುಪತಿ – ಎಲ್ಲ ಕೂಡಿಸಿದರೆ ವರ್ಷಕ್ಕೆ 8,000 ಕಿ.ಮೀ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿಯುತ್ತಾನೆ. ಉಳಿದ ಅಂಕಿಗಳೂ ಅಂದಾಜಿನವೇ. ಪ್ರತಿ ಮನೆಯವರು ತಮ್ಮ ಅಂಕಿ ಹಾಕಿಕೊಳ್ಳಬೇಕು.

ಹಳೆಯ ಐಷಾರಾಮಿ ಕಾರು ಐದು ವರ್ಷದಲ್ಲಿ ಅರ್ಧ ಬೆಲೆಗೆ ಇಳಿದರೆ ವರ್ಷಕ್ಕೆ 1.4 ಲಕ್ಷ ಸವಕಳಿ. ವಿಮೆ 50 ಸಾವಿರ, ಸರ್ವೀಸು ರಿಪೇರಿ 1 ಲಕ್ಷ, ಟೈರಿಗೆಂದು 20 ಸಾವಿರ. ಲೀಟರಿಗೆ 10 ಕಿ.ಮೀ. ಓಡಿದರೆ ಪೆಟ್ರೋಲ್ 80 ಸಾವಿರ. ಒಟ್ಟು 3.9 ಲಕ್ಷ; ಕಿಲೋಮೀಟರಿಗೆ 49 ರೂಪಾಯಿಯ ಆಸುಪಾಸು.

14 ಲಕ್ಷದ ಹೊಸ ಸಾಧಾರಣ ಸೆಡಾನ್‌ಗೂ ಸವಕಳಿ ಅಷ್ಟೇ, 1.4 ಲಕ್ಷ. ವಿಮೆ 40 ಸಾವಿರ, ಸರ್ವೀಸು 15 ಸಾವಿರ, ಟೈರು 5 ಸಾವಿರ. ಲೀಟರಿಗೆ 16 ಕಿ.ಮೀ. ಆದರೆ ಪೆಟ್ರೋಲ್ 50 ಸಾವಿರ. ಒಟ್ಟು 2.5 ಲಕ್ಷ, ಕಿಲೋಮೀಟರಿಗೆ 31 ರೂಪಾಯಿ ಚಿಲ್ಲರೆ.

ಒಂದೇ ಬೆಲೆಯ ಎರಡು ಕಾರುಗಳ ನಡುವೆ ವರ್ಷಕ್ಕೆ 1.4 ಲಕ್ಷದ ಅಂತರ. ಐದು ವರ್ಷಕ್ಕೆ 7 ಲಕ್ಷ. ಹುಡುಗ ಈ ಅಂಕಿಯ ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಅಕ್ಕ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಾಳೆ, ಏನೂ ಹೇಳುವುದಿಲ್ಲ. ಕಾರನ್ನು ನಗದು ಕೊಟ್ಟು ಕೊಂಡು, ಓದನ್ನು ಸಾಲದಲ್ಲಿ ನಡೆಸುವುದೆಂದರೆ ಏನೆಂದು ಅವನಿಗೆ ಈಗ ಹೊಳೆದಿದೆ.

ಅಪ್ಪ ಇನ್ನೊಂದು ಸಾಲು ಬರೆಸುತ್ತಾರೆ: ‘ಬಾಡಿಗೆ ಕಾರಿನ ಲೆಕ್ಕಾನೂ ಹಾಕು.’ ಕಿಲೋಮೀಟರಿಗೆ 15 ರೂಪಾಯಿಯಂತೆ 8,000 ಕಿ.ಮೀ.ಗೆ 1.2 ಲಕ್ಷ. ಎಲ್ಲಕ್ಕಿಂತ ಅಗ್ಗ! ಆದರೆ ರಾತ್ರಿ ಎರಡು ಗಂಟೆಗೆ ಅಜ್ಜಿಗೆ ಹುಷಾರು ತಪ್ಪಿದರೆ? ಅಂಗಳದಲ್ಲಿ ನಿಂತ ಕಾರಿನ ಧೈರ್ಯಕ್ಕೂ ಒಂದು ಬೆಲೆಯಿದೆ. ಅದನ್ನು ಯಾವ ಸೂತ್ರವೂ ಹೇಳುವುದಿಲ್ಲ, ಮನೆಯವರೇ ಕಟ್ಟಬೇಕು.

ಹಾಗಾದರೆ ಐಷಾರಾಮಿ ಕಾರು ಯಾರಿಗೂ ಬೇಡವೇ? ಹಾಗೇನಿಲ್ಲ. ದಿನವೂ ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಓಡಾಡುವವರಿಗೆ, ಹಿಂದಿನ ಸೀಟಿನಲ್ಲೇ ಕೆಲಸ ಮಾಡುವವರಿಗೆ, ಒಳ್ಳೆಯ ಸರ್ವೀಸು ಕೇಂದ್ರದ ಹತ್ತಿರ ಇರುವವರಿಗೆ ಅದು ಬೆನ್ನನ್ನೂ ಸಮಯವನ್ನೂ ಉಳಿಸುತ್ತದೆ. ಅವರಿಗೆ ಅದು ದುಂದಲ್ಲ, ಸಲಕರಣೆ.

ಕೊನೆಯ ಪರೀಕ್ಷೆ

ಭಾನುವಾರ ಇಡೀ ಮನೆಯವರು ಕೋಲಾರಕ್ಕೆ ಹೋಗಿ ಕಾರುಗಳನ್ನು ನೋಡುತ್ತಾರೆ. ತಗ್ಗಾದ ಉದ್ದನೆಯ ಸೆಡಾನ್‌ನಲ್ಲಿ ಕೂರಲು ಅಜ್ಜಿ ಬಹಳ ಬಗ್ಗಬೇಕು. ಏಳುವಾಗಲಂತೂ ಇಬ್ಬರು ಕೈ ಹಿಡಿಯಬೇಕು. ‘ಹಿಂದೆ ಅಂಬಾಸಡರ್ ಇತ್ತಲ್ಲಪ್ಪ, ಕುರ್ಚೀಲಿ ಕೂತಂಗೆ ಕೂತು ಇಳೀತಿದ್ವಿ’ ಎನ್ನುತ್ತಾರೆ. 1958ರಿಂದ 2014ರವರೆಗೆ ತಯಾರಾದ ಆ ಕಾರಿನ ಎತ್ತರದ ಸೀಟಿನ ಗುಣವನ್ನು ಅವರ ಮೊಣಕಾಲು ಇನ್ನೂ ಮರೆತಿಲ್ಲ.

ಆಮೇಲೆ ಅಜ್ಜಿ ಪಕ್ಕದಲ್ಲಿದ್ದ ಚಿಕ್ಕದಾದ, ಎತ್ತರದ ಸೀಟಿನ ಕಾರಿನಲ್ಲಿ ಯಾರ ಕೈಯನ್ನೂ ಹಿಡಿಯದೆ ಕೂರುತ್ತಾರೆ, ಇಳಿಯುತ್ತಾರೆ. ಬೆಲೆ 7 ಲಕ್ಷ. ಉಳಿದ 7 ಲಕ್ಷ ಬ್ಯಾಂಕಿನಲ್ಲೇ ಇರುತ್ತದೆ, ಮಗಳ ಹೆಸರಿಗೆ.

ಹುಡುಗನಿಗೆ ಸ್ವಲ್ಪ ಬೇಸರವೇ. ಮನೆಗೆ ಬರುವಾಗ ದಾರಿಯಲ್ಲಿ ಒಂದು ಬೆಂಜ್ ಕಾರು ಅವರನ್ನು ಹಿಂದೆ ಹಾಕಿ ಸುಂಯ್ ಎಂದು ಹೋಗುತ್ತದೆ. ಅವನು ಅದನ್ನೇ ನೋಡುತ್ತಾ, ‘ಕಿಲೋಮೀಟರಿಗೆ ಎಷ್ಟು ಬೀಳ್ತಿದೆಯೋ!’ ಎನ್ನುತ್ತಾನೆ. ಅಪ್ಪ ಮಾತಿಲ್ಲದೆ ನಗುತ್ತಾರೆ.