ಗದರಿಕೆಯೂ ಯಜಮಾನಿಕೆಯೂ

"ಗದರಿಸದಿದ್ದರೆ ಕೆಲಸ ಸಾಗದು" ಎಂಬ ಮಾತು ಮುಂಬಯಿಯ ನಮ್ಮ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ವೇದವಾಕ್ಯದಂತೆ ಚಲಾವಣೆಯಲ್ಲಿದೆ. ಗಲ್ಲಾದ ಹಿಂದೆ ಹಲವು ವರ್ಷ ಕುಳಿತು, ತರುವಾಯ ಲೇಖನಿ ಹಿಡಿದವರು ನಾವು. ಈ ಮಾತು ಸುಳ್ಳೆಂಬುದೂ, ದುಡಿಯುವವನಿಗೆ ಮಾತ್ರವಲ್ಲದೆ ದುಡಿಸುವವನ ವ್ಯಾಪಾರಕ್ಕೂ ಹಾನಿಕರವೆಂಬುದೂ ನಮ್ಮ ದೃಢವಾದ ಅಭಿಪ್ರಾಯ.

ಯಜಮಾನನ ಕೋಪವು ಅವನಲ್ಲಿಯೇ ಉಳಿಯುವುದಿಲ್ಲ. ಗಲ್ಲಾದಿಂದ ಹೊರಟ ಬೈಗುಳು ಮೆನೇಜರನಿಗೆ ತಗಲುತ್ತದೆ. ಮೆನೇಜರನು ಅದನ್ನು ಸಪ್ಲಾಯರನ ಮೇಲೆ ಇಳಿಸುತ್ತಾನೆ. ಸಪ್ಲಾಯರನು ಮೇಜು ಒರಸುವವನ ಮೇಲೆ. ಕಟ್ಟಕಡೆಗೆ ಅದು ಮೋರಿಯ ಬಳಿ ತಟ್ಟೆ ತೊಳೆಯುವವನಲ್ಲಿ ಬಂದು ನಿಲ್ಲುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಹೆದರಿಕೆ ಇರುವಲ್ಲಿ ಸತ್ಯವು ಮೇಲಕ್ಕೆ ಏರಲಾರದು. ಬೇಸಗೆಯ ಮಧ್ಯಾಹ್ನ ಸಾಂಬಾರು ಹಳಸಿತೆನ್ನಿ. ಅದು ಮೊದಲು ತಿಳಿಯುವುದು ಅಡುಗೆಯ ಭಟ್ಟರಿಗೆ, ಬಳಿಕ ಬಡಿಸುವವನಿಗೆ. ಆದರೆ ಹಿಂದೊಮ್ಮೆ ಹೇಳಿದವನೇ ಬೈಸಿಕೊಂಡದ್ದನ್ನು ಕಂಡವರು ಇಂದು ಬಾಯಿ ತೆರೆಯುವುದಿಲ್ಲ. ಕೊನೆಗೆ ಆ ಸುದ್ದಿಯನ್ನು ಯಜಮಾನರಿಗೆ ಮುಟ್ಟಿಸುವವನು ಗಿರಾಕಿ. ಅವನು ಮರುದಿನ ಎದುರಿನ ಹೋಟೆಲಿಗೆ ಹೋಗುತ್ತಾನೆ. ಎಲ್ಲರೂ ಹೆದರುವ ಯಜಮಾನನು ತನ್ನ ಮನೆಯ ಬೆಂಕಿಯನ್ನು ಕಟ್ಟಕಡೆಗೆ ಕಾಣುವವನಾಗುತ್ತಾನೆ. ಸತ್ಯ ಹೇಳುವವರು ಮೌನವಾದ ಮೇಲೆ ಚಾಡಿ ಹೇಳುವವರಿಗೆ ಬೆಲೆ ಬರುವುದೂ ಸಹಜವೇ.

ಗುಮಾಸ್ತ ಬಂಧುಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅಲ್ಲಿ ಬೈಗುಳಿನ ಸ್ವರ ತಗ್ಗು. ನಂಜು ಮಾತ್ರ ಹೆಚ್ಚು. ತಪ್ಪೇನೆಂದು ತಿಳಿಸದೆ ಮುಖ ತಿರುಗಿಸುವುದು, ಒಬ್ಬನ ದುಡಿಮೆಗೆ ಮತ್ತೊಬ್ಬನು ಹೆಸರು ಪಡೆಯುವುದು, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಹುಕುಂ ಕಳುಹಿಸಿ ಬೆಳಿಗ್ಗೆ ಲೆಕ್ಕ ಕೇಳುವುದು ಅಲ್ಲಿಯ ಪದ್ಧತಿ. ಯಶವಂತ ಚಿತ್ತಾಲರು ಮುಂಬಯಿಯ ಕಂಪನಿಯೊಂದರ ಒಳಸಂಚಿಗೆ ಸಿಕ್ಕ ನಾಗಪ್ಪನ ಪಾಡನ್ನು ‘ಶಿಕಾರಿ’ ಕಾದಂಬರಿಯಲ್ಲಿ ಚಿತ್ರಿಸಿದ್ದು 1979ರಲ್ಲಿ. ಇಂದಿಗೂ ಅದನ್ನು ಓದುವ ಗುಮಾಸ್ತನಿಗೆ ತನ್ನ ಕಚೇರಿಯ ನೆನಪಾಗದಿರದು.

ಆದರೂ ಹೋಟೆಲಿನ ನೌಕರನ ಸಂಕಟಕ್ಕೆ ಒಂದು ವಿಶೇಷವಿದೆ. ಗುಮಾಸ್ತನು ಸಂಜೆ ತನ್ನ ಖೋಲಿಗೆ ಮರಳುತ್ತಾನೆ. ಹೋಟೆಲಿನವನ ಪೈಕಿ ಅನೇಕರಿಗೆ ಕೆಲಸವೂ ಊಟವೂ ಮಲಗುವ ಜಾಗವೂ ಒಂದೇ ಕೈಯಲ್ಲಿ. ಊರಿನಿಂದ ಕರೆತಂದವನು ಯಜಮಾನರ ನೆಂಟನೋ ನೆರೆಯವನೋ ಆಗಿದ್ದರೆ, ಊರಿನಲ್ಲಿರುವ ಹೆಸರೂ ಅದೇ ಕೈಯಲ್ಲಿ. "ನಾಳೆಯಿಂದ ಬರಬೇಡ" ಎಂಬ ಒಂದು ಮಾತಿನಿಂದ ಅವನು ಅದೇ ರಾತ್ರಿ ಪೆಟ್ಟಿಗೆ ಹಿಡಿದು ಬೀದಿಗೆ ಇಳಿಯಬೇಕಾಗುತ್ತದೆ. ಇಷ್ಟೆಲ್ಲ ಅಧಿಕಾರ ಪಡೆದವನ ನಾಲಗೆಗೆ ಅಷ್ಟೇ ಬಲವಾದ ಕಡಿವಾಣ ಬೇಡವೇ?

ಕಾಯದೆ ಇಲ್ಲದಿಲ್ಲ. 1948ರ ಮುಂಬಯಿ ಕಾಯದೆಯ ಸ್ಥಾನದಲ್ಲಿ ಬಂದ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯದೆಯ ವ್ಯಾಪ್ತಿಯಲ್ಲಿರುವಲ್ಲಿ, ವಾರಕ್ಕೆ 48 ಗಂಟೆಗಳ ಮಿತಿಯುಂಟು. ಮೀರಿದ ದುಡಿಮೆಗೆ ಇಮ್ಮಡಿ ದರದ ವೇತನವುಂಟು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯ ಪ್ರಕಾರ, ನೌಕರನನ್ನು ತೆಗೆದರೂ ಅವನೇ ರಾಜೀನಾಮೆಯಿತ್ತರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಸಲ್ಲಬೇಕು. ಬಾಕಿಯನ್ನು ಹಗ್ಗವಾಗಿಸಿ ನೌಕರನನ್ನು ಕಟ್ಟಿಹಾಕುವುದು ನ್ಯಾಯವಲ್ಲ. ಆದರೆ ಗಿರಾಕಿಗಳೆದುರು ತಂದೆತಾಯಿಯರನ್ನೆತ್ತಿ ಆಡುವ ಮಾತಿನ ಗಾಯಕ್ಕೆ ಯಾವ ಕಾಯದೆಯ ಮುಲಾಮೂ ಸಾಲದು; ಅಲ್ಲಿ ಯಜಮಾನನ ವಿವೇಕವೇ ಕಾಯದೆಯಾಗಬೇಕು.

"ನಾವೂ ತಟ್ಟೆ ತೊಳೆದು, ಪೆಟ್ಟು ತಿಂದು ಮೇಲೆ ಬಂದವರು" ಎಂದು ಕೆಲವು ಹಿರಿಯರು ಹೇಳುವುದುಂಟು. ಅವರ ದುಡಿಮೆಗೆ ನಮ್ಮ ಗೌರವವಿದೆ. ಆದರೆ ಅವರು ಮೇಲೆ ಬಂದದ್ದು ಪೆಟ್ಟಿನಿಂದಲ್ಲ. ಪೆಟ್ಟು ತಿಂದೂ ರಾತ್ರಿಶಾಲೆಗೆ ಹೋದ, ಕೆಲಸ ಕಲಿತ ತಮ್ಮ ಛಲದಿಂದ. ಅದೇ ಪೆಟ್ಟು ಎಷ್ಟು ಮಂದಿಯನ್ನು ಹಿಂದಿನ ಬಸ್ಸಿಗೆ ಹತ್ತಿಸಿತೆಂಬುದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. "ಊರಿನ ಹುಡುಗರು ಹೋಟೆಲಿಗೆ ಬರುವುದಿಲ್ಲ" ಎಂದು ಇಂದು ದೂರುವ ಧಣಿಗಳು ತಮ್ಮ ಗಲ್ಲಾದ ಮಾತನ್ನೊಮ್ಮೆ ತಾವೇ ಆಲಿಸಲಿ.

ನಮ್ಮ ಸಲಹೆ ದುಬಾರಿಯದಲ್ಲ. ತಪ್ಪು ಕಂಡಲ್ಲಿ ಬದಿಗೆ ಕರೆದು ಹೇಳಿರಿ. ಮೆನೇಜರನ ದೂರಿಗೆ ತೀರ್ಪು ಕೊಡುವ ಮುನ್ನ ನೌಕರನ ಮಾತನ್ನೂ ಕೇಳಿರಿ. ವಾರದ ರಜೆಯ ಪಟ್ಟಿಯನ್ನು ಗೋಡೆಗೆ ಹಚ್ಚಿರಿ. ಕೆಲಸ ಬಿಟ್ಟವನಿಗೆ ಬಾಕಿ ಸಲ್ಲಿ ಬೇರೆ ನೆಲೆ ಸಿಗುವವರೆಗೆ ಮಲಗುವ ಜಾಗವನ್ನು ಕಸಿಯದಿರಿ. ಕೆಟ್ಟ ಸುದ್ದಿಯನ್ನು ಮೊದಲು ತಂದವನಿಗೆ ಒಂದು ಒಳ್ಳೆಯ ಮಾತು ಹೇಳಿರಿ. ಸಾಂಬಾರು ಹಳಸಿದ್ದು ಆಗ ಗಿರಾಕಿಗಿಂತ ಮೊದಲು ನಿಮಗೆ ತಿಳಿಯುವುದು.

ನೌಕರ ಬಂಧುಗಳಿಗೂ ಎರಡು ಮಾತು. ಸಿಟ್ಟಿನ ಭರದಲ್ಲಿ ಏಪ್ರನ್ ಬಿಸುಟು ಹೊರಡಬೇಡಿರಿ. ದುಡಿದ ದಿನ, ಗಂಟೆ, ಪಡೆದ ಹಣ ಇವನ್ನು ಚಿಕ್ಕ ಪುಸ್ತಕದಲ್ಲಿ ಬರೆದಿಡಿರಿ. ಸಂಬಳವನ್ನು ಬ್ಯಾಂಕಿನ ಖಾತೆಗೇ ಕೇಳಿರಿ. ಒಬ್ಬನಾಗಿ ಹೇಳಲಾರದ್ದನ್ನು ನಾಲ್ವರಾಗಿ, ವಿನಯದಿಂದ ಹೇಳಿರಿ. ಕೇಳದಿದ್ದರೆ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಲು ಅಂಜಬೇಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮೇಲಿನಿಂದ ಬಂದ ಬೈಗುಳನ್ನು ಕೆಳಗೆ ಇಳಿಸಬೇಡಿರಿ. ಮೋರಿಯ ಬಳಿ ನಿಂತವನ ಪಾಲಿಗೆ ಸಪ್ಲಾಯರನೂ ಒಬ್ಬ ಯಜಮಾನನೇ. ನಾಳೆ ಗಲ್ಲಾದಲ್ಲಿ ಕುಳಿತುಕೊಳ್ಳುವ ಯೋಗ ನಿಮ್ಮಲ್ಲಿ ಯಾರಿಗೆ ಬಂದೀತೋ ಬಲ್ಲವರಾರು? ಅಲ್ಲಿ ಆಡುವ ಮಾತನ್ನು ಇಂದೇ ಕಲಿಯುವುದು ಲೇಸು.