ರೈಲಿಗೆ ಹೋದ ಜಮೀನಿಗೆ ಪರಿಹಾರ ಕಮ್ಮಿ ಯಾಕೆ? ಹಳೇ ಕ್ರಯಪತ್ರ ತೆಗೆದು ನೋಡಿ

ಶಿರಾ: ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗ ಮಂಜೂರಾಗಿದ್ದು 2011–12ರಲ್ಲಿ. ಒಟ್ಟು 191 ಕಿ.ಮೀ. ಶಿರಾ, ಹಿರಿಯೂರು ಸೀಮೆಯ ಹೊಲ, ತೋಟ ಸೀಳಿಕೊಂಡು ಹೋಗುವ ಈ ಮಾರ್ಗ ಇಷ್ಟು ವರ್ಷ ಎಳೆಯೋಕೆ ಭೂಸ್ವಾಧೀನವೂ ದೊಡ್ಡ ಕಾರಣ. ‘ರೈಲ್ವೆಯವ್ರು ದುಡ್ಡು ಕಮ್ಮಿ ಕೊಟ್ರು’ ಅಂತ ಬೈಯೋರಿದ್ದಾರೆ. ಆದ್ರೆ ಮಂಜೂರಾದಾಗಿನ ಒಪ್ಪಂದದಂತೆ ಜಮೀನನ್ನು ರೈಲ್ವೆಗೆ ಪುಕ್ಕಟೆ ಕೊಡಬೇಕಾದ್ದು ರಾಜ್ಯ ಸರ್ಕಾರ, ಕಾಮಗಾರಿಯ ಅರ್ಧ ಖರ್ಚೂ ರಾಜ್ಯದ್ದೇ. ಹಾಗಾಗಿ ಪರಿಹಾರದ ಹೊರೆ ದಿಲ್ಲಿಗಿಂತ ಬೆಂಗಳೂರಿನ ಮೇಲೆ.

ಅಸಲಿ ಪೆಟ್ಟು ಬೀಳೋದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಸರ್ಕಾರಿ ಮಾರ್ಗಸೂಚಿ ದರ ಒಂದು ಲೆಕ್ಕ. ಅಕ್ಕಪಕ್ಕದ ಅಂಥದ್ದೇ ಜಮೀನುಗಳ ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚು ದರ ಇರುವ ಅರ್ಧ ಪತ್ರಗಳ ಸರಾಸರಿ ಇನ್ನೊಂದು. ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಮೂಲ ಬೆಲೆ. ಹಳ್ಳಿ ಜಮೀನಾದ್ರೆ ಅದನ್ನು ಒಂದರಿಂದ ಎರಡರವರೆಗಿನ ಅಂಶದಿಂದ ಗುಣಿಸಿ, ಮರ, ಬೋರ್‌ವೆಲ್, ಕಟ್ಟಡದ ಬೆಲೆ ಸೇರಿಸಿ, ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಕೊಡಬೇಕು.

ಕೇಳೋಕೆ ಚೆನ್ನಾಗಿದೆ. ಆದ್ರೆ ಎಕರೆಗೆ 20 ಲಕ್ಷ ಕೈ ಬದಲಾದರೂ ಮುದ್ರಾಂಕ ಶುಲ್ಕ ಉಳಿಸೋಕೆ ಪತ್ರದಲ್ಲಿ 8 ಲಕ್ಷ ಬರೆಸೋದು ಊರೂರಲ್ಲೂ ಇದ್ದದ್ದೇ. ಗುಣಕ ಒಂದೂವರೆ ಅಂದುಕೊಂಡ್ರೆ 8 ಲಕ್ಷಕ್ಕೆ ಪರಿಹಾರ 24 ಲಕ್ಷ, 20 ಲಕ್ಷಕ್ಕೆ 60 ಲಕ್ಷ. ಯಾರೋ ಕೊಂಡವರು ಉಳಿಸಿದ ಶುಲ್ಕಕ್ಕೆ ಪಕ್ಕದ ಹೊಲದವನು ದಂಡ ತೆರುತ್ತಾನೆ. ಬೆಲೆ ಲೆಕ್ಕ ಪ್ರಾಥಮಿಕ ಅಧಿಸೂಚನೆ ದಿನಕ್ಕೇ ನಿಲ್ಲುತ್ತೆ. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ದರ ಏರಿತಲ್ಲ, ಅದಕ್ಕೂ ಮೊದಲೇ ಅಧಿಸೂಚನೆ ಆಗಿದ್ದವರಿಗೆ ಆ ಏರಿಕೆ ಲೆಕ್ಕಕ್ಕಿಲ್ಲ. ಅವಾರ್ಡ್‌ವರೆಗೆ ಅಥವಾ ಸ್ವಾಧೀನದವರೆಗೆ, ಯಾವುದು ಮೊದಲೋ ಅಲ್ಲಿವರೆಗೆ, ವರ್ಷಕ್ಕೆ ಶೇ 12 ಹೆಚ್ಚುವರಿ ಸಿಗುತ್ತೆ, ಅಷ್ಟೇ.

ಹೊಲ ಎರಡು ತುಂಡಾಗಿ ಬಾವಿ ಆಚೆ, ತೋಟ ಈಚೆ ಉಳಿದವರು ಆ ನಷ್ಟವನ್ನೂ ಕೇಳಬಹುದು. ಕಾಯ್ದೆಯಲ್ಲಿ ಅದಕ್ಕೆ ಜಾಗವಿದೆ, ಕೇಳೋರು ಕಮ್ಮಿ. ಅಂಗಡಿ ಕಟ್ಟಡದ ಒಂದು ಭಾಗ ಮಾತ್ರ ಹೋಗೋದಾದ್ರೆ ಪೂರ್ತಿ ಕಟ್ಟಡವನ್ನೇ ತಗೊಳ್ಳಿ ಅನ್ನೋ ಹಕ್ಕು ಮಾಲೀಕರಿಗಿದೆ. ಪೆಟ್ಟಿಗೆ ಅಂಗಡಿ ಕಳಕೊಂಡ ಕುಟುಂಬಕ್ಕೆ ಕನಿಷ್ಠ 25 ಸಾವಿರ ಒಂದು ಬಾರಿಯ ನೆರವು.

ಇನ್ನೊಂದು ವಿಷಯದಲ್ಲಿ ಹಲವರು ಎಡವುತ್ತಾರೆ. ಚೆಕ್ ಬಂದ ಖುಷಿಯಲ್ಲಿ ಸುಮ್ಮನೆ ಸಹಿ ಹಾಕಿ ದುಡ್ಡು ತಗೊಂಡ್ರೆ, ಜಾಸ್ತಿ ಕೇಳಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ಅಲ್ಲಿಗೇ ಮುಗೀತು. ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಅಂತ ಬರೆದೇ ಸಹಿ ಮಾಡಬೇಕು. ಅವಾರ್ಡ್ ದಿನ ಹಾಜರಿದ್ದವರಿಗೆ ಅರ್ಜಿ ಹಾಕೋಕೆ ಇರೋದು ಆರು ವಾರ.