ಬಾಗಿಲಾಚೆಯದನ್ನು ತೋರಿಸದ ಕಥೆಗಳು

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಂದು ಮನೆಯವರದೇ ದನಿಯಲ್ಲಿ ಕರೆಯುವ ದೆವ್ವ, ಅದನ್ನೋದಿ ಹಿಂದಿರುಗುತ್ತದೆ ಎಂಬ ವದಂತಿ. ಆ ದೆವ್ವದ ರೂಪಕ್ಕಿಂತ ಹೆಚ್ಚು ಹೆದರಿಸುತ್ತಿದ್ದುದು ಕದದಾಚೆಯ ಪರಿಚಿತ ದನಿ.

ಹೆದರುವ ಖುಷಿಗೆಂದೇ ಓದುವವರು ಹುಡುಕಬೇಕಾದದ್ದು ಇಂಥ ಕಥೆಗಳನ್ನು. ಭಯದ ಕಾದಂಬರಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. 1985ರಲ್ಲಿ ಕನ್ನಡ ಸಿನಿಮಾವೂ ಆಯಿತು. ಮಾಟ ಮಂತ್ರದ ಆ ಕಥೆಯ ಹಿಡಿತ ದೊಡ್ಡದೇ. ಆದರೆ ಅಲ್ಲಿಗೇ ನಿಂತರೆ ಓದುಗರಿಗೆ ನಷ್ಟ.

ಶುರು ಮಾಡಲು ಡಬ್ಲ್ಯು.ಡಬ್ಲ್ಯು. ಜೇಕಬ್ಸ್ ಅವರ ಸಣ್ಣಕಥೆ ‘ದಿ ಮಂಕೀಸ್ ಪಾ’ (1902) ಸಾಕು. ಭಾರತದ ಫಕೀರನೊಬ್ಬ ಮಂತ್ರಿಸಿದ ಕೋತಿಯ ಒಣ ಪಂಜ ಇಂಗ್ಲೆಂಡಿನ ವೃದ್ಧ ದಂಪತಿಯ ಕೈಸೇರುತ್ತದೆ. ಅದಕ್ಕೆ ಮೂರು ವರ ಕೊಡುವ ಶಕ್ತಿ. ಮುದುಕ 200 ಪೌಂಡ್ ಬೇಡುತ್ತಾನೆ. ಮರುದಿನವೇ ಮಗ ಯಂತ್ರಕ್ಕೆ ಸಿಕ್ಕಿ ಸತ್ತ ಸುದ್ದಿ ಬರುತ್ತದೆ. ಕಂಪನಿ ಕೊಡುವ ಪರಿಹಾರ ಸರಿಯಾಗಿ 200 ಪೌಂಡ್. ಮಣ್ಣು ಮಾಡಿ ವಾರ ಕಳೆದ ಮೇಲೆ ತಾಯಿ ಹಟ ಹಿಡಿದು, ಮಗ ಬದುಕಿ ಬರಲಿ ಎಂದು ಗಂಡನಿಂದ ಎರಡನೇ ವರ ಬೇಡಿಸುತ್ತಾಳೆ. ರಾತ್ರಿ ಬಾಗಿಲು ಬಡಿಯುವ ಸದ್ದು. ಮೇಲಿನ ಅಗುಳಿ ಎಟುಕದೆ ಆಕೆ ಕುರ್ಚಿ ಎಳೆದು ತರುತ್ತಾಳೆ. ಗಂಡ ಕತ್ತಲಲ್ಲಿ ನೆಲವನ್ನೆಲ್ಲ ತಡಕುತ್ತ ಪಂಜವನ್ನು ಹುಡುಕುತ್ತಾನೆ. ಹೊರಗೆ ನಿಂತಿರುವುದು ಹೇಗಿದೆ ಎಂಬ ಬಗ್ಗೆ ಜೇಕಬ್ಸ್ ಚಕಾರ ಎತ್ತುವುದಿಲ್ಲ. ಯಂತ್ರದ ವಿಷಯ ಓದುಗರಿಗೆ ಗೊತ್ತು, ಅಷ್ಟೇ ಸಾಕು.

ಶರ್ಲಿ ಜಾಕ್ಸನ್ ಈ ಸಂಯಮವನ್ನು ಇಡೀ ಕಾದಂಬರಿಗೆ ಹಿಗ್ಗಿಸಿದರು. ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ನಲ್ಲಿ (1959) ಎಲಿನರ್ ಕತ್ತಲಲ್ಲಿ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದು ಮಲಗಿರುತ್ತಾಳೆ. ದೀಪ ಬೆಳಗಿದಾಗ ನೋಡಿದರೆ ಗೆಳತಿ ಇನ್ನೊಂದು ಹಾಸಿಗೆಯಲ್ಲಿ! ಹಿಡಿದಿದ್ದು ಯಾರ ಕೈ? ಇದನ್ನಾಧರಿಸಿದ ಸಿನಿಮಾ, ವೆಬ್ ಸರಣಿಗಳಿಗಿಂತ ಮೊದಲು ಪುಸ್ತಕವನ್ನೇ ಓದಬೇಕು.

ರವೀಂದ್ರನಾಥ ಠಾಕೂರರ ‘ಕ್ಷುಧಿತ ಪಾಷಾಣ’ವೂ (1895) ಇದೇ ಜಾತಿಯದು. 1878ರಲ್ಲಿ ಅವರು ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ಕಳೆದ ದಿನಗಳೇ ಕಥೆಗೆ ಬೀಜ. ಹತ್ತಿ ಸುಂಕದ ಅಧಿಕಾರಿಯೊಬ್ಬ ಪಾಳು ಅರಮನೆಯಲ್ಲಿ ತಂಗುತ್ತಾನೆ. ಸಂಜೆಯಾದರೆ ಅಲ್ಲಿ ಕಣ್ಣಿಗೆ ಕಾಣದವರ ಓಡಾಟ. ಗುಟ್ಟು ಬಿಚ್ಚಿಕೊಳ್ಳುವ ಹೊತ್ತಿಗೆ, ಅವನು ಇದನ್ನೆಲ್ಲ ಹೇಳುತ್ತ ಕುಳಿತಿದ್ದ ನಿಲ್ದಾಣಕ್ಕೆ ರೈಲು ಬಂದು ಕಥೆ ಅರ್ಧಕ್ಕೇ ನಿಲ್ಲುತ್ತದೆ.

ದೆವ್ವವೇ ಬೇಡ ಎನ್ನುವವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇದೆ. ಇರುವೆಗಳ ಮೇಲೆ ಯುದ್ಧ ಸಾರಿದ್ದ ಬಡ ಮನೆ, ದುಡ್ಡು ಬಂದ ಮೇಲೆ ಯಾವ ಮಟ್ಟಕ್ಕೆ ಹೋಗಬಲ್ಲದು ಎಂಬ ಶಂಕೆಯೇ ಅದರ ಭಯ. ಇದನ್ನು ಭಯದ ಕಥೆಗಳ ಸಾಲಿಗೆ ಯಾರೂ ಸೇರಿಸುವುದಿಲ್ಲ, ಸೇರಿಸಬೇಕು.

ಕೇಂಬ್ರಿಜ್‌ನಲ್ಲಿ ಎಂ.ಆರ್. ಜೇಮ್ಸ್ ಕ್ರಿಸ್ಮಸ್ ಹೊತ್ತಿಗೆ ಗೆಳೆಯರನ್ನು ಕೂಡಿಸಿ ತಾವೇ ಬರೆದ ದೆವ್ವದ ಕಥೆ ಓದುತ್ತಿದ್ದರು. ಅವರಿಗೆ ಅದು ಹಬ್ಬದ ಸಂಭ್ರಮದ ಭಾಗವೇ ಆಗಿತ್ತು. ನಮ್ಮ ದೀಪಾವಳಿ ವಿಶೇಷಾಂಕಗಳೂ ಪ್ರತಿವರ್ಷ ಹೀಗೆ ಬೆನ್ನಹುರಿ ನಡುಗಿಸುವ ಒಂದು ಹೊಸ ಕಥೆಯನ್ನಾದರೂ ಬರೆಸಿ ಪ್ರಕಟಿಸಲಿ.